ಲ್ಯಾಪ್‌ಟಾಪಿಗೆ ಇಟ್ಟ ಕುಂಕುಮ

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಯಾವ ವಸ್ತುವೂ ಅಪ್ಪನ ಕೈಯಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸ್ಕೂಟರಿಗೆ ಗೇಟಿನ ಹತ್ತಿರವೇ ಪೂಜೆ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಈಳಿಗೆಮಣೆ, ಸ್ಕ್ರೂಡ್ರೈವರು ಎಲ್ಲ ಹಜಾರದಲ್ಲಿ ಸಾಲಾಗಿ ಕೂತು ಅರಿಸಿನ ಕುಂಕುಮ ಇಡಿಸಿಕೊಳ್ಳಬೇಕು. ನನ್ನ ಬ್ಯಾಂಕಿನ ಚೀಲಕ್ಕೆ ಕೈಹಾಕಿ ಕ್ಯಾಲ್ಕ್ಯುಲೇಟರನ್ನೂ ತೆಗೆದು ಸಾಲಿಗೆ ಸೇರಿಸುತ್ತಿದ್ದರು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು, ಬೊಟ್ಟು ಇಡುವುದರಲ್ಲೂ ಅವರಿಗೆ ಒಂದು ಅಳತೆ ಬೇಕು. ಆ ವರ್ಷ ಸಾಲಿಗೆ ಹೊಸದಾಗಿ ಸೇರಿದ್ದು ಅಮ್ಮನ ಲ್ಯಾಪ್‌ಟಾಪು. ಅದರ ಮುಚ್ಚಳ ತೆರೆದು, ಕೀಬೋರ್ಡಿನ ಎಡಗಡೆ ಮೂಲೆಗೆ ನೀರಲ್ಲಿ ಕಲಸಿದ ಅರಿಸಿನ ಬಳಿದು, ಅದರ ಮೇಲೆ ಕುಂಕುಮ ಇಟ್ಟು, ಒಂದು ಸೇವಂತಿಗೆ ಏರಿಸಿ, ಉದ್ಧರಣೆಯಿಂದ ಎಲ್ಲದರ ಮೇಲೂ ನೀರು ಪ್ರೋಕ್ಷಣೆ ಮಾಡಿದ್ದರು. ರಜಾ ದಿನ ಅಂತ ನಾನು ಮಲಗೇ ಇದ್ದೆ. ಎದ್ದು ಬರುವಷ್ಟರಲ್ಲಿ ಮಂಗಳಾರತಿ ಮುಗಿದು ಪ್ರಸಾದಕ್ಕೆ ಎಳ್ಳಿನ ಚರುಪು ಹಂಚುತ್ತಿದ್ದರು.

ಲ್ಯಾಪ್‌ಟಾಪು ನೋಡಿ ನನಗೆ ರೇಗಿತು. ಕರೆಂಟಿನ ಸಾಮಾನಿಗೆ ನೀರು ಚಿಮುಕಿಸುತ್ತಾರಾ ಎಂದು ಕೇಳಿದೆ. ಮಿಕ್ಸಿಗೂ ಕರೆಂಟೇ ತಾನೆ, ಇಷ್ಟು ವರ್ಷದಿಂದ ಅದಕ್ಕೆ ಏನಾಗಿದೆ ಎಂದು ಅಪ್ಪ ಕೇಳಿದರು. ಅಮ್ಮ ಹೂವಿನ ಬುಟ್ಟಿ ಎತ್ತಿಟ್ಟು ಒಳಗೆ ಹೋದಳು. ಆ ಸಲ ಹೂವು ಗಾಂಧಿ ಬಜಾರಿನಿಂದ ಕಟ್ಟಿದ್ದೇ ಬಂದಿತ್ತು. ಪ್ರತಿ ವರ್ಷ ಬಿಡಿ ಹೂವು ತಂದು ಅಮ್ಮನೇ ಕಟ್ಟುತ್ತಿದ್ದಳು. ಅಂಗಡಿಯವಳು ಕಟ್ಟಿದ ಮಾಲೆ ಸಡಿಲ, ದೇವರಿಗೆ ಏರಿಸುವಷ್ಟರಲ್ಲಿ ಅರ್ಧ ಹೂವು ನೆಲದ ಮೇಲೆ ಎಂದು ಅಪ್ಪ ಗೊಣಗಿದ್ದರು. ಯಾರಿಗೆ ಪುರುಸೊತ್ತಿದೆ ಎಂದು ಅಮ್ಮ ಅಂದಿದ್ದಳು. ನಿಜಕ್ಕೂ ಪುರುಸೊತ್ತಿರಲಿಲ್ಲ, ಮುಂದೆ ಮದುವೆಯ ಕಾಲ.

ಅಮ್ಮನಿಗೂ ಮದುವೆ ಕಾಲಕ್ಕೂ ಏನು ಸಂಬಂಧ ಅಂದರೆ, ಅವಳು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಳು. ಸರ್ಕಾರಿ ಕಚೇರಿಯೊಂದರಲ್ಲಿ ಬಹಳ ಕಾಲ ಟೈಪಿಸ್ಟಾಗಿದ್ದು, ಅಲ್ಲಿಗೆ ಕಂಪ್ಯೂಟರು ಬಂದು ತನ್ನ ಮೇಜನ್ನು ಕಿಟಕಿಯಿಂದ ಬಾಗಿಲ ಹಿಂದಕ್ಕೆ ಸರಿಸಿದಾಗ ಮುನಿಸಿಕೊಂಡು ಸ್ವಯಂ ನಿವೃತ್ತಿ ತಗೊಂಡಿದ್ದಳು. ಅದಾದ ಮೇಲಿನ ಒಂದು ವರ್ಷ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಹಾಲಿನವನ ಜೊತೆ ಜಗಳ, ಪಕ್ಕದ ಮನೆಯವರ ನಲ್ಲಿ ಜೊತೆ ಜಗಳ, ನನ್ನ ಕೂದಲಿನ ಜೊತೆ ಜಗಳ. ಸುಮ್ಮನೆ ಕೂತಾಗ ಅವಳ ಹತ್ತೂ ಬೆರಳು ತೊಡೆಯ ಮೇಲೆ ಆಡುತ್ತಿದ್ದವು. ಎದುರಿಗಿದ್ದವರು ಆಡಿದ ಮಾತನ್ನೆಲ್ಲ ಸೀರೆಯ ಮೇಲೆ ಟೈಪ್ ಮಾಡುತ್ತಿದ್ದಳು. ಟೈಪಿಂಗ್ ಕಲಿತ ಹಳಬರಲ್ಲಿ ಈ ಚಟ ತುಂಬ ಜನಕ್ಕೆ ಇದೆಯಂತೆ. ನೆಂಟರು ಬಂದು ಅವರಿವರ ಮೇಲೆ ಚಾಡಿ ಹೇಳಿದರೆ ಅದೂ ಅಕ್ಷರ ಬಿಡದೆ ಅಲ್ಲಿ ಅಚ್ಚಾಗುತ್ತಿತ್ತು.

ಆಮೇಲೆ ಯಾರೋ ಹೇಳಿ ಸುಲ್ತಾನ್‌ಪೇಟೆಯ ಒಂದು ಅಂಗಡಿಯಿಂದ ಲಗ್ನಪತ್ರಿಕೆಯ ಕೆಲಸ ಸಿಕ್ಕಿತು. ಯಾವ ಕಂಪ್ಯೂಟರಿನ ಮೇಲೆ ಮುನಿಸಿಕೊಂಡು ಬಂದಿದ್ದಳೋ ಅದರ ಮುಂದೆಯೇ ಕೂತು ಕನ್ನಡದ ಹೊಸ ಕೀಲಿಮಣೆ ಕಲಿತಳು. ಬೆನ್ನುನೋವು ಅಂದದ್ದಕ್ಕೆ ನಾನು ಸಹೋದ್ಯೋಗಿಯೊಬ್ಬರಿಂದ ಅವರು ಬಳಸಿ ಬಿಟ್ಟ ಲ್ಯಾಪ್‌ಟಾಪು ತಂದುಕೊಟ್ಟೆ. ಅದರ ಕೀಗಳು ಮೆತ್ತಗಿವೆ, ಬೆಣ್ಣೆ ಮುಟ್ಟಿದ ಹಾಗಿದೆ ಎಂದು ಸಂತೋಷಪಟ್ಟಳು. ಅಂಗಡಿಯ ಯಜಮಾನರು ಬೇರೆ ಯಾರ ಕೆಲಸವನ್ನಾದರೂ ಎರಡು ಸಲ ತಿದ್ದಿಸುವವರು, ಅಮ್ಮ ಟೈಪ್ ಮಾಡಿದ್ದನ್ನು ಮಾತ್ರ ನೋಡದೆ ಅಚ್ಚಿಗೆ ಕಳಿಸುತ್ತಿದ್ದರು. ಅರ್ಧ ಬೆಂಗಳೂರಿನ ಮದುವೆ ಇವಳೇ ಮಾಡಿಸ್ತಿದಾಳೆ ಎಂದು ಅಪ್ಪ ತಮಾಷೆ ಮಾಡಿದರೆ ಅಮ್ಮ ನಾಚಿಕೊಳ್ಳುತ್ತಿದ್ದಳು. ಆ ಕೆಲಸ ಕೈಬಿಟ್ಟರೆ ಅಮ್ಮ ಮತ್ತೆ ಆ ಹಿಂದಿನ ವರ್ಷದ ಅಮ್ಮ ಆಗುತ್ತಾಳೆ ಅನ್ನುವುದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು, ಹಾಲಿನವನಿಗೂ ಗೊತ್ತಿತ್ತು ಅನ್ನಿಸುತ್ತದೆ.

ಅವಳು ಟೈಪಿಂಗ್ ಕಲಿತದ್ದು ಮಲ್ಲೇಶ್ವರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ, ಮದುವೆಗೆ ಮುಂಚೆ. ಆಗಿನ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಗಿಸಿದ ಮಾರನೇ ದಿನವೇ ಟೈಪಿಂಗಿಗೆ ಸೇರಬೇಕಿತ್ತು, ಗಂಡು ಸಿಗುವವರೆಗೆ ಅಥವಾ ಕೆಲಸ ಸಿಗುವವರೆಗೆ. ಅಲ್ಲಿನ ಮೇಷ್ಟ್ರು ಹುಡುಗಿಯರ ಕೈಮೇಲೆ ಒಂದು ಟವೆಲ್ ಮುಚ್ಚಿಬಿಡುತ್ತಿದ್ದರಂತೆ, ಕೀ ನೋಡಿಕೊಂಡು ಹೊಡೆಯಬಾರದು ಅಂತ. ಪ್ರತಿ ಬೆರಳಿಗೂ ಅದರದೇ ಅಕ್ಷರಗಳು. ಎಡಗೈ ಕಿರುಬೆರಳಿಗೆ ಎ, ಅದರ ಮೇಲಿನ ಕ್ಯೂ, ಕೆಳಗಿನ ಜೆಡ್, ಮೂಲೆಯ ಶಿಫ್ಟು. ಒಂದು ಬೆರಳು ಇನ್ನೊಂದರ ಅಕ್ಷರ ಮುಟ್ಟಿದರೆ ಟವೆಲಿನ ಮೇಲೆ ಸ್ಕೇಲು ಬೀಳುತ್ತಿತ್ತು. ಕಿರುಬೆರಳು ಬಡಪಾಯಿ, ಆ ಭಾರದ ಮೆಷಿನ್ನಿನಲ್ಲಿ ಎಲ್ಲರ ಎ ಅಕ್ಷರವೂ ಕಾಗದದ ಮೇಲೆ ತೆಳ್ಳಗೆ ಬೀಳುತ್ತಿತ್ತು. ಅಮ್ಮನ ಎ ಮಾತ್ರ ಉಳಿದ ಅಕ್ಷರಗಳಷ್ಟೇ ಕಪ್ಪಗೆ ಬೀಳುತ್ತಿತ್ತು. ಮೇಷ್ಟ್ರು ಆ ಹಾಳೆಯನ್ನು ಗೋಡೆಗೆ ಅಂಟಿಸಿದ್ದರು ಎಂದು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ, ಕೇಳಿ ಕೇಳಿ ನನಗೆ ಬೇಜಾರಾಗಿತ್ತು.

ದಸರೆ ಮುಗಿದು ವಾರ ಕಳೆದಿರಬೇಕು, ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು, ಕೆಲವು ಅಕ್ಷರ ಬೀಳ್ತಿಲ್ಲ ಕಣೆ ಅಂದಳು. ಹೋಗಿ ನೋಡಿದೆ. ಪರದೆಯ ಮೇಲೆ 'ಕಲ್ಯಾಣ ಮಂಟಪ' ಇರಬೇಕಾದ ಕಡೆ 'ಕಲ್ಯನ ಮಮಪ' ಇತ್ತು. ಆ ಕೀಲಿಮಣೆಯಲ್ಲಿ ಎ ಅಂದರೆ ಅ, ಕ್ಯೂ ಅಂದರೆ ಟ, ಶಿಫ್ಟು ಹಿಡಿದರೆ ನ ಹೋಗಿ ಣ, ಲ ಹೋಗಿ ಳ, ಮ ಹೋಗಿ ಸೊನ್ನೆ, ಹ್ರಸ್ವ ಹೋಗಿ ದೀರ್ಘ. ಎ ಬಿದ್ದಿಲ್ಲ, ಕ್ಯೂ ಬಿದ್ದಿಲ್ಲ, ಎಡಗಡೆ ಶಿಫ್ಟು ಕೂಡ ಹಿಡಿದಿಲ್ಲ. ಎಲ್ಲ ಎಡಗಡೆಯ ಅಂಚಿನ ಕೀಗಳು. ಆ ಮೂಲೆಯಲ್ಲಿ ಅಪ್ಪನ ಕುಂಕುಮದ ಕಲೆ ಇನ್ನೂ ತಿಳಿಗೆಂಪಗೆ ಹಾಗೇ ಇತ್ತು. ಇನ್ನು ಯೋಚನೆ ಮಾಡುವುದೇನಿದೆ.

ನಾನು ಕೆಲಸ ಮಾಡುತ್ತಿದ್ದದ್ದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ. ಅಲ್ಲಿ ಕಂಪ್ಯೂಟರು ಕೆಟ್ಟಾಗ ಮೊದಲು ಆಫ್ ಮಾಡಿ ಆನ್ ಮಾಡುತ್ತೇವೆ, ಆಮೇಲೆ ಬೈಯುತ್ತೇವೆ, ಆಮೇಲೆ ಫೋನ್ ಮಾಡುತ್ತೇವೆ. ಅದೇ ವಿದ್ಯೆ ಮನೆಯಲ್ಲೂ ಪ್ರಯೋಗಿಸಿದೆ. ಆಫ್ ಮಾಡಿ ಆನ್ ಮಾಡಿ ಎ ಒತ್ತಿದೆ, ಬಿತ್ತು. ಕ್ಯೂ ಒತ್ತಿದೆ, ಬಿತ್ತು. ನೋಡು ಸರಿಹೋಯ್ತು ಎಂದು ಅಮ್ಮನನ್ನು ಕೂರಿಸಿದೆ. ಒಂದು ಪತ್ರಿಕೆ ಸರಿಯಾಗಿ ಬಂತು, ಎರಡನೆಯದರಲ್ಲಿ ಮತ್ತೆ ದೀರ್ಘಗಳೇ ಇಲ್ಲ. ಲೂಸ್ ಕಾಂಟ್ಯಾಕ್ಟು ಅಂದೆ. ನಮ್ಮ ಕಡೆ ಯಾವ ಯಂತ್ರಕ್ಕೆ ಏನಾದರೂ ಮೊದಲು ಅನ್ನುವ ಮಾತು ಅದೇ.

ಆ ದಿನದಿಂದ ನನ್ನ ಸಂಜೆಗಳೆಲ್ಲ ಆ ಕೀಬೋರ್ಡಿಗೇ ಹೋದವು. ಲ್ಯಾಪ್‌ಟಾಪನ್ನು ಕವುಚಿ ಹಿಡಿದು ಬೆನ್ನು ತಟ್ಟಿದೆ. ಒಣಗಿದ ಅರಿಸಿನದ ಪುಡಿ, ಎರಡು ಎಳ್ಳುಕಾಳು, ಒಂದು ಸೇವಂತಿಗೆ ಎಸಳು ಉದುರಿದವು. ಅದನ್ನು ಕಾಗದದ ಮೇಲೆ ಹಾಗೇ ಎತ್ತಿಕೊಂಡು ಹೋಗಿ ಅಪ್ಪನ ಮುಂದೆ ಹಿಡಿದೆ. ಅಪ್ಪನದೇ ಡ್ರಾಯಿಂಗ್ ಕುಂಚ ತಗೊಂಡು ಕೀಗಳ ಸಂದು ಗುಡಿಸಿದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ತೇವ ಇದ್ದರೆ ಆರಲಿ ಅಂತ ತಲೆ ಒಣಗಿಸುವ ಡ್ರೈಯರ್ ಹಿಡಿದೆ. ಬ್ಯಾಂಕಿನ ಗೆಳತಿಯೊಬ್ಬಳು ಹೇಳಿದಳು ಅಂತ ಕೀಬೋರ್ಡನ್ನು ಕಂಪ್ಯೂಟರಿನೊಳಗಿನ ಸಾಧನಗಳ ಪಟ್ಟಿಯಿಂದ ಕಿತ್ತುಹಾಕಿ ಮತ್ತೆ ಸೇರಿಸಿದೆ. ಪ್ರತಿ ಸಲ ನಾನು ಒತ್ತಿದರೆ ಅಕ್ಷರ ಬೀಳುತ್ತಿತ್ತು. ನಾನು ಎರಡೇ ಬೆರಳಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಟೈಪ್ ಮಾಡುವವಳು. ಅಮ್ಮ ಕೂತರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಇಲ್ಲ.

ಬಿಸಿಯಾದರೆ ಕೀ ಕೆಲಸ ಮಾಡುವುದಿಲ್ಲ ಅನ್ನುವುದು ನನ್ನ ಮುಂದಿನ ಸಿದ್ಧಾಂತ. ಲ್ಯಾಪ್‌ಟಾಪಿನ ಅಡಿಗೆ ಇಡ್ಲಿ ಸ್ಟ್ಯಾಂಡಿನ ತಟ್ಟೆ ಇಟ್ಟು, ಎದುರಿಗೆ ಟೇಬಲ್ ಫ್ಯಾನು ತಿರುಗಿಸಿದೆ. ಅಮ್ಮ ಸೆರಗು ಹೊದ್ದುಕೊಂಡು ಚಳಿಯಲ್ಲಿ ಟೈಪ್ ಮಾಡಿದಳು. ಆಮೇಲೆ ಮೆಲ್ಲಗೆ ಒತ್ತಿದ್ದನ್ನು ಲೆಕ್ಕಕ್ಕೆ ತಗೊಳ್ಳಬೇಡ ಎಂದು ಕಂಪ್ಯೂಟರಿಗೆ ಹೇಳುವ ಒಂದು ಸೆಟ್ಟಿಂಗ್ ಇದೆ, ಗೊತ್ತಿಲ್ಲದೆ ಶಿಫ್ಟು ಹಿಡಿದುಕೊಂಡೇ ಇದ್ದರೆ ಅದು ತಾನಾಗಿ ಆನ್ ಆಗುತ್ತದೆ ಎಂದು ಎಲ್ಲೋ ಓದಿದೆ. ಹುಡುಕಿದರೆ ನಿಜವಾಗಿಯೂ ಆನ್ ಆಗಿತ್ತು. ಅದನ್ನು ಆಫ್ ಮಾಡಿ, ಆ ಸಂಜೆ ನಾನು ಕೇಸರಿಭಾತ್ ಮಾಡಿದೆ. ಮಾರನೇ ದಿನ ಬ್ಯಾಂಕಿನಿಂದ ಬಂದಾಗ ಅಮ್ಮ ಟೈಪ್ ಮಾಡಿದ್ದನ್ನು ಒಂದೊಂದೇ ಸಾಲು ಓದಿ, ಬಿಟ್ಟುಹೋದ ಅಕ್ಷರಗಳನ್ನು ಬಲಗೈ ಬೆರಳಲ್ಲಿ ತುಂಬುತ್ತಾ ಕೂತಿದ್ದಳು.

"ಇರ್ಲಿ ಬಿಡು," ಅಂದಳು. "ನಿಧಾನಕ್ಕೆ ಮಾಡ್ತೀನಿ. ನೀನು ಊಟ ಮಾಡು."

ನಿಧಾನಕ್ಕೆ ಮಾಡಿದರೂ ಎಲ್ಲವೂ ಕಣ್ಣಿಗೆ ಬೀಳಬೇಕಲ್ಲ. ದೀಪಾವಳಿಗೆ ಮುಂಚೆ ಒಂದು ಪತ್ರಿಕೆ ಹಾಗೇ ಅಚ್ಚಾಗಿಹೋಯಿತು. ಮದುಮಗಳ ತಾತನ ಹೆಸರಿನಲ್ಲಿ ದೀರ್ಘ ಇಲ್ಲ, ಆಶೀರ್ವಾದದಲ್ಲೂ ಇಲ್ಲ. ಆ ತಾತ ಹಟ ಹಿಡಿದು ಪತ್ರಿಕೆಗೆ ಅರಿಸಿನ ಹಚ್ಚಲು ಬಿಡಲಿಲ್ಲವಂತೆ. ಅಂಗಡಿಯ ಯಜಮಾನರು ಕಟ್ಟಿನಿಂದ ಒಂದು ಪ್ರತಿ ಹಿಡಿದುಕೊಂಡು ಮನೆಗೇ ಬಂದರು. ಕೂಗಾಡಲಿಲ್ಲ, ಕಾಫಿ ಕುಡಿದರು, ನಿಮ್ಮ ಕೈಯಲ್ಲಿ ಹೀಗಾಯ್ತು ಅಂದ್ರೆ ನಂಬಕ್ಕೇ ಆಗಲಿಲ್ಲ ಅಂದರು. ಎದ್ದು ಹೊರಡುವಾಗ, ಮುಂದಿನ ಕೆಲಸ ಸದ್ಯಕ್ಕೆ ಬೇರೆಯವರಿಗೆ ಕೊಟ್ಟಿದೀನಿ, ಮೆಷಿನ್ ಸರಿಹೋದ ಮೇಲೆ ಹೇಳಿ ಅಂದರು. ಅಮ್ಮ ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದಳು.

ಅವರು ಹೋದ ಮೇಲೆ ನಾನು ಅಪ್ಪನ ಮೇಲೆ ಹರಿಹಾಯ್ದೆ. ಯಾರು ಹೇಳಿದ್ದರು ಲ್ಯಾಪ್‌ಟಾಪಿಗೆ ಅಭಿಷೇಕ ಮಾಡಿ ಅಂತ, ಅಮ್ಮನ ಕೆಲಸ ಹೋಯ್ತು, ಈಗ ಸಮಾಧಾನವಾಯಿತಾ ಎಂದೆಲ್ಲ ಕೇಳಿದೆ. ಅಪ್ಪ ಪೇಪರು ಮಡಚಿಟ್ಟರು.

"ನಾನು ಇಟ್ಟಿದ್ದು ಬರೀ ಮೂಲೇಲಿ," ಅಂದರು. "ಕೀ ಮೇಲೆ ಒಂದು ತೊಟ್ಟು ನೀರೂ ಬಿದ್ದಿಲ್ಲ. ಕುಂಕುಮದಿಂದ ಯಾವ ಮೆಷಿನ್ನೂ ಕೆಡಲ್ಲ."

ಈ ಮಾತನ್ನು ಆಮೇಲೆ ಎಷ್ಟು ಸಲ ಹೇಳಿದರೋ. ಊಟಕ್ಕೆ ಕೂತಾಗ ಹೇಳಿದರು, ಸ್ಕೂಟರು ಒರೆಸುವಾಗ ಹೇಳಿದರು, ಕೇಬಲ್ಲಿನವನು ಬಂದಾಗ ಅವನನ್ನು ನಿಲ್ಲಿಸಿಕೊಂಡು ಕುಂಕುಮದಿಂದ ಟೀವಿ ಕೆಟ್ಟಿರುವುದು ನೋಡಿದೀಯೇನಪ್ಪ ಎಂದು ಕೇಳಿದರು. ಅವನು ಇಲ್ಲ ಸಾರ್ ಅಂದದ್ದನ್ನು ನನಗೆ ಕೇಳಿಸುವಂತೆ ಎರಡು ಸಲ ಹೇಳಿಸಿದರು. ನಾನೂ ಬಿಡಲಿಲ್ಲ. ಅಮ್ಮ ನಮ್ಮಿಬ್ಬರ ನಡುವೆ ಅನ್ನ ಬಡಿಸಿಕೊಂಡು ಓಡಾಡುತ್ತಿದ್ದಳು. ಕುಕ್ಕರಿನ ಮುಚ್ಚಳ ಹಾಕಿಕೊಡಿ ಎಂದು ಅಪ್ಪನನ್ನು ಕರೆಯುತ್ತಿದ್ದದ್ದು ಆಗಲೇ. ರಬ್ಬರು ಹಳೆಯದಾಗಿ ಬಿಗಿಯಾಗಿದೆ ಅನ್ನುತ್ತಿದ್ದಳು. ನಾನು ಹೊಸ ರಬ್ಬರು ತಂದುಕೊಟ್ಟೆ.

ಕೊನೆಗೆ ಲ್ಯಾಪ್‌ಟಾಪನ್ನು ಎಸ್.ಪಿ. ರಸ್ತೆಗೆ ಒಯ್ದೆ. ಅಲ್ಲಿ ಒಂದು ಮಹಡಿ ಮೇಲೆ ಕಿರಿದಾದ ರಿಪೇರಿ ಅಂಗಡಿ, ಗೋಡೆ ತುಂಬ ಹೊಟ್ಟೆ ಬಗೆದ ಕಂಪ್ಯೂಟರುಗಳು. ಅಂಗಡಿಯಾತ ಎಲ್ಲ ಕೀ ಒತ್ತಿ ನೋಡಿ, ಬರ್ತಾ ಇದೆಯಲ್ಲ ಮೇಡಂ ಅಂದ. ಸ್ವಲ್ಪ ಹೊತ್ತು ಬರುತ್ತದೆ, ಆಮೇಲೆ ಬರುವುದಿಲ್ಲ, ನಮ್ಮ ತಂದೆ ನೀರು ಹಾಕಿ ಪೂಜೆ ಮಾಡಿದ್ದಾರೆ ಅಂದೆ. ಅವನು ಎ ಕೀಯ ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸಿದ. ಕೆಳಗೆ ಹಳದಿ ಕಲೆ ಇತ್ತು. ಹಾಗಾದ್ರೆ ವಾಟರ್ ಡ್ಯಾಮೇಜು, ಕೀಬೋರ್ಡೇ ಚೇಂಜ್ ಮಾಡ್ಬೇಕು ಅಂದ. ನನಗೆ ಆಗ ಆದ ಸಂತೋಷ ಹೇಳತೀರದು. ಆ ಬಿಲ್ಲೆಯನ್ನು ಪೊಟ್ಟಣ ಕಟ್ಟಿಸಿಕೊಂಡು ಬಂದು ಅಪ್ಪನಿಗೆ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿ, ಇದು ಅರಿಸಿನದ ಹಳದಿ ಅಲ್ಲ, ಪ್ಲಾಸ್ಟಿಕ್ಕಿನ ಹಳದಿ, ನನಗೆ ಬಣ್ಣ ಗೊತ್ತಾಗಲ್ವಾ ಅಂದರು.

ಹೊಸ ಕೀಬೋರ್ಡು ಬರಲು ತಡವಾಯಿತು. ದೀಪಾವಳಿ ಕಳೆದು ಕಾರ್ತೀಕದ ಮದುವೆಗಳು ಶುರುವಾದವು. ನಮಗೆ ಬಂದ ಪತ್ರಿಕೆಗಳನ್ನು ಅಮ್ಮ ಟೈಪ್ ಮಾಡಿದವಳ ಕಣ್ಣಲ್ಲಿ ಓದುತ್ತಿದ್ದಳು, ಯಾರು ಯಾರನ್ನು ಮದುವೆಯಾಗುತ್ತಿದ್ದಾರೆ ಅನ್ನುವುದು ಅವಳ ತಲೆಗೆ ಹೋಗುತ್ತಿರಲಿಲ್ಲ.

ರಿಪೇರಿಯಾದ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗವಚಿಕೊಂಡು ಆಟೋದಲ್ಲಿ ತಂದೆ. ಕೀಗಳು ಹೊಚ್ಚಹೊಸವು, ಒಂದು ಗೀರಿಲ್ಲ. ಅಪ್ಪ ಹತ್ತಿರ ಬರಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು. ಅಮ್ಮ ಕೂತು, ಸೆರಗು ಸಿಕ್ಕಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣಿಟ್ಟು ಟೈಪ್ ಮಾಡಿದಳು. ನಾನು ಪರದೆಯನ್ನೇ ನೋಡುತ್ತಿದ್ದೆ. ಎ ಇಲ್ಲ. ಕ್ಯೂ ಇಲ್ಲ. ಳ ಇರಬೇಕಾದ ಕಡೆಯೆಲ್ಲ ಲ.

ಅಪ್ಪ ಬಾಗಿಲಿನಿಂದಲೇ, ಈಗ ಯಾರು ಕುಂಕುಮ ಇಟ್ರು ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿಗೆ ಫೋನ್ ಮಾಡಿ ಹಳೇ ಕೀಬೋರ್ಡಿಗೇ ಪಾಲಿಶ್ ಮಾಡಿ ಹಾಕಿ ಮೋಸ ಮಾಡಿದೀರ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ತಗೊಂಡು ಬನ್ನಿ ಮೇಡಂ ನೋಡೋಣ ಅಂದ. ನಾನೊಬ್ಬಳೇ ಹೋದರೆ ಮತ್ತೆ ಎಲ್ಲ ಸರಿ ಇದೆ ಅನ್ನುತ್ತಾನೆ, ನೀನು ಬಂದು ಅವನ ಮುಂದೆ ಟೈಪ್ ಮಾಡು ಎಂದು ಅಮ್ಮನಿಗೆ ಹೇಳಿದೆ. ಬೇಡ ಅಂದಳು. ಕಾಲುನೋವು ಅಂದಳು, ಶನಿವಾರ ಅಂದಳು. ನಾನು ಕೇಳಲಿಲ್ಲ. ಹೊರಡುವಾಗ ಸೀರೆಗೆ ಪಿನ್ನು ಚುಚ್ಚಿಕೊಡು ಎಂದು ನನ್ನ ಮುಂದೆ ಬಂದು ನಿಂತಳು. ಗಡಿಬಿಡಿಯಲ್ಲಿ ಚುಚ್ಚಿದೆ.

ಅಂಗಡಿಯಲ್ಲಿ ಆತ ಮೊದಲು ತಾನೇ ಒತ್ತಿ ತೋರಿಸಿದ. ಎಲ್ಲ ಬಿತ್ತು. ನೀವು ಏಳಿ ಅಂದೆ. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಮನೆಯಲ್ಲಾದರೆ ನಾನು ಅವಳ ಹಿಂದೆ ನಿಂತು ಪರದೆ ನೋಡುತ್ತಿದ್ದೆ. ಅಲ್ಲಿ ಹಿಂದೆ ನಿಲ್ಲಲು ಜಾಗವಿರಲಿಲ್ಲ, ಎಡಗಡೆ ಗೋಡೆಗೆ ಒರಗಿ ನಿಂತೆ. ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ, ಅಮ್ಮನ ಕೈ ಕಾಣುತ್ತಿತ್ತು.

ಬೆರಳುಗಳು ಎಂದಿನಂತೆ ಹರಿದಾಡಿದವು. ಎ ಬರಬೇಕಾದಾಗ ಎಡಗೈ ಕಿರುಬೆರಳು ಎ ಮೇಲೆ ಹೋಗಿ ಕೂತಿತು. ಸರಿಯಾದ ಜಾಗಕ್ಕೇ ಹೋಗಿತ್ತು, ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಆದರೆ ಕೀ ಕೆಳಗೆ ಇಳಿಯಲಿಲ್ಲ. ಬೆರಳು ಅದರ ಮೇಲೆ ಸುಮ್ಮನೆ ಮಲಗಿ ಎದ್ದು ಬಂತು. ಮತ್ತೆ ಹೋಯಿತು, ಮಲಗಿತು, ಬಂತು. ಅಮ್ಮ ನನ್ನ ಕಡೆ ನೋಡದೆ ಟೈಪ್ ಮಾಡುತ್ತಲೇ ಇದ್ದಳು. ಆ ಕೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದಪ್ಪಗಿರಬೇಕಾದ ಮಾಂಸ ಇಳಿದುಹೋಗಿ ಒಂದು ಹಳ್ಳ ಬಿದ್ದಿತ್ತು. ನಾನು ಅಷ್ಟು ವಾರ ಆ ಕೈಯಿಂದ ಕಾಫಿ ಇಸಕೊಂಡಿದ್ದೆ.

"ಎಲ್ಲಿ ಬರ್ತಿಲ್ಲ ಮೇಡಂ?" ಎಂದು ಅಂಗಡಿಯಾತ ಪರದೆಗೆ ಬಗ್ಗಿದ.

ಜಗಳಕ್ಕೆ ಅಂತ ದಾರಿಯುದ್ದಕ್ಕೂ ಕೂಡಿಹಾಕಿಕೊಂಡು ಬಂದ ಮಾತೆಲ್ಲ ಬಾಯಲ್ಲೇ ಇತ್ತು. "ಬರ್ತಿದೆ," ಅಂದೆ. "ಸರಿಯಾಗಿದೆ. ನಮ್ದೇ ತಪ್ಪು." ಅವನು, ನಾನು ಆವತ್ತೇ ಹೇಳಲಿಲ್ವಾ, ಸುಮ್ನೆ ಮೋಸ ಅಂತೀರ ಎಂದು ಶುರುಮಾಡಿದ. ನಾನು ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಮೆಟ್ಟಿಲು ಇಳಿಯುವಾಗ ಅಮ್ಮನ ಎಡಗೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಆಟೋ ಟೌನ್‌ಹಾಲ್ ದಾಟಿತು. ಆಮೇಲೆ, ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತು ಅಂದಳು. ಗೌರಿಹಬ್ಬದಲ್ಲಿ ಹೂವು ಕಟ್ಟಲು ಕೂತಾಗ ದಾರ ಎಡಗೈಯಲ್ಲಿ ನಿಲ್ಲಲಿಲ್ಲವಂತೆ. ಮತ್ತೆ ಯಾಕೆ ಹೇಳಲಿಲ್ಲ, ಯಾಕೆ ನನ್ನನ್ನು ಇಷ್ಟು ಅಲೆಸಿದೆ ಅಂದೆ. ನನ್ನ ದನಿ ಏರಿತ್ತು, ಆಟೋದವನು ಕನ್ನಡಿಯಲ್ಲಿ ನೋಡಿದ.

"ನೀನು ಮೆಷಿನ್ ಕೆಟ್ಟಿದೆ ಅಂತ ಅಷ್ಟು ಓಡಾಡ್ತಿದ್ದೆ," ಅಂದಳು ಅಮ್ಮ. "ಮೆಷಿನ್ ಆದ್ರೆ ರಿಪೇರಿ ಆಗತ್ತಲ್ಲ. ನಾನೂ ಹಾಗೇ ಅಂದ್ಕೊಳ್ಳೋಣ ಅಂತ."

ಬೇರೆ ಬೆರಳಲ್ಲಿ ಒತ್ತು, ನಾನು ಎರಡೇ ಬೆರಳಲ್ಲಿ ಕೆಲಸ ಮಾಡಲ್ವಾ ಅಂದೆ. ಹೇಳುವಾಗಲೇ ಅದು ಸುಲಭದ ದಾರಿ ಅನ್ನಿಸಿ ನನಗೆ ಸ್ವಲ್ಪ ಜೀವ ಬಂತು. ಮನೆಗೆ ಹೋದ ಮೇಲೆ ಅಮ್ಮ ನನ್ನ ಸಮಾಧಾನಕ್ಕೆ ಪ್ರಯತ್ನ ಮಾಡಿದಳು. ಪಕ್ಕದ ಬೆರಳನ್ನು ಎ ಮೇಲೆ ತರಲು ಅವಳು ಕೈಯನ್ನೇ ನೋಡಿಕೊಳ್ಳಬೇಕಾಯಿತು, ಜೀವಮಾನದಲ್ಲಿ ಟೈಪ್ ಮಾಡುವಾಗ ಕೈ ನೋಡಿಕೊಂಡವಳಲ್ಲ. ನೋಡಿಕೊಂಡರೆ ಒಂದು ಸಲ ಬೀಳುತ್ತಿತ್ತು. ಕಣ್ಣೆತ್ತಿ ಪತ್ರಿಕೆಯ ಕಡೆ ತಿರುಗಿದ ಕೂಡಲೇ ಮತ್ತೆ ಕಿರುಬೆರಳೇ ಹೋಗಿ ಅಲ್ಲಿ ಮಲಗುತ್ತಿತ್ತು. "ಆಗಲ್ಲ ಕಣೆ," ಅಂದಳು. "ಎ ಅಂದ್ರೆ ಆ ಬೆರಳೇ ಏಳತ್ತೆ." ಸುಲ್ತಾನ್‌ಪೇಟೆಗೆ ಫೋನ್ ಮಾಡಿ, ಮೆಷಿನ್ ಸರಿಹೋಗಲಿಲ್ಲ, ನೀವು ಬೇರೆಯವರಿಗೇ ಕೊಡಿ ಎಂದು ಅವಳೇ ಹೇಳಿದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಸಣ್ಣಗೆ ಕರೆಂಟು ಕೊಟ್ಟು ನರಗಳನ್ನು ಪರೀಕ್ಷೆ ಮಾಡಿದರು. ಡಾಕ್ಟರು ನನ್ನನ್ನು ಒಳಗೆ ಕರೆದು ಒಂದು ಕಾಯಿಲೆಯ ಹೆಸರು ಹೇಳಿದರು. ಈಗ ಒಂದು ಬೆರಳಿಗೆ ಬಂದಿದೆ, ಮುಂದೆ ಉಳಿದ ಬೆರಳಿಗೂ ಇನ್ನೊಂದು ಕೈಗೂ ಹೋಗುತ್ತದೆ, ಆಮೇಲೆ ಎಲ್ಲಿಗೆ ಅಂತ ಹೇಳಲು ಆಗುವುದಿಲ್ಲ, ತಡೆಯುವ ಔಷಧಿ ಇಲ್ಲ ಅಂದರು. ನಾನು ಬ್ಯಾಂಕಿನಲ್ಲಿ ಗಿರಾಕಿಗಳಿಗೆ ಇಲ್ಲ ಅಂತ ಹೇಳುವಾಗ ಹೇಗೆ ಹೇಳುತ್ತೇನೋ ಅದೇ ದನಿಯಲ್ಲಿ ಹೇಳಿದರು. ಯಾರ ಮೇಲೆ ಕೂಗಾಡಬೇಕು ಅಂತ ನನಗೆ ತಿಳಿಯಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮ, ಪಕ್ಕದ ಹೆಂಗಸು ಹೇಳುತ್ತಿದ್ದ ಕಥೆಯನ್ನು ತೊಡೆಯ ಮೇಲೆ ಟೈಪ್ ಮಾಡುತ್ತಿದ್ದಳು.

ಅಪ್ಪನಿಗೆ ನಾನೇ ಹೇಳಬೇಕಿತ್ತು. ಅಮ್ಮ ಮಲಗಲು ಹೋದಾಗ ಹಜಾರದಲ್ಲಿ ಅವರ ಎದುರು ಕೂತು, ಕೀಬೋರ್ಡಿನಲ್ಲಿ ಏನೂ ದೋಷ ಇರಲಿಲ್ಲವಂತೆ ಅಂದೆ. ಅಪ್ಪನ ಮುಖ ಅರಳಿತು.

"ನೋಡ್ದ್ಯಾ," ಅಂದರು. "ನಾನು ಬಡ್ಕೊಂಡೆ. ಕುಂಕುಮದಿಂದ ಅಲ್ಲ ಅಂತ."

ನಾನು ಉಳಿದದ್ದನ್ನೂ ಹೇಳಿದೆ. ಬೆರಳಿನ ವಿಷಯ ಹೇಳಿದೆ, ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ, ಕಡಿಮೆ ಮಾಡಿ ಹೇಳುವುದು ನನಗೆ ಬರುವುದಿಲ್ಲ. ಅಪ್ಪ ಕೇಳಿಸಿಕೊಂಡು, ಎದ್ದು, ಗೇಟಿನ ಚಿಲಕ ಹಾಕಿದೆಯಾ ಅಂತ ನೋಡಿ ಬಂದು, ದೀಪ ಆರಿಸಿ ಮಲಗಿದರು.

ಬೆಳಿಗ್ಗೆ ನಾನು ಬ್ಯಾಂಕಿಗೆ ಹೊರಡುವಾಗ ಗೇಟಿನ ಹತ್ತಿರ ಕಾಯುತ್ತಿದ್ದರು. ಕೈಯಲ್ಲಿ ಲ್ಯಾಪ್‌ಟಾಪಿನ ಚೀಲ ಇತ್ತು. ಒಳಗೆ ಅಮ್ಮನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಅವತ್ತು ನಾನು ಸುಳ್ಳು ಹೇಳ್ದೆ," ಅಂದರು. "ನೀರು ಜಾಸ್ತಿನೇ ಚೆಲ್ಲಿತ್ತು. ಉದ್ಧರಣೆ ಕೈ ಜಾರಿ ಪೂರಾ ಕೀಗಳ ಒಳಗೇ ಹೋಯ್ತು. ನೀನು ಬೈತೀಯ ಅಂತ ಒರೆಸಿಬಿಟ್ಟೆ. ಕುಂಕುಮದಿಂದಲೇ ಆಗಿರೋದು. ಇನ್ನೊಂದ್ಸಲ ಆ ಅಂಗಡೀಲಿ ತೋರ್ಸು."

ಈ ಕೀಬೋರ್ಡು ಬಂದದ್ದೇ ದೀಪಾವಳಿ ಆದ ಮೇಲೆ, ಇದು ಅವರ ಕುಂಕುಮವನ್ನು ಕಂಡೇ ಇಲ್ಲ ಎಂದು ನಾನು ಹೇಳಬಹುದಿತ್ತು. ಅವರಿಗೂ ಅದು ಗೊತ್ತಿತ್ತು. ಚೀಲ ಇಸಕೊಂಡೆ.

"ಆಯ್ತಪ್ಪ," ಅಂದೆ. "ತೋರಿಸ್ತೀನಿ."

ಅವರು ಗೇಟು ತೆರೆದು ಹಿಡಿದರು. ನಾನು ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ನಡೆದೆ.